ಉಚ್ಚಮ್ಮನ ಕಣ್ಣು, ಯರ್ರೆಪ್ಪನ ಕುರಿ

ಮಾಘದ ಚಳಿ ಇನ್ನೂ ಬಿಟ್ಟಿರಲಿಲ್ಲ. ಹೊತ್ತು ಮುಳುಗುವ ವೇಳೆಗೆ ನಾಗಲದಿನ್ನೆಯ ಯರ್ರೆಪ್ಪ ಕುರಿಗಳನ್ನು ಹಟ್ಟಿಗೆ ಹೊಡೆದುಕೊಂಡು ಬಂದ. ಅವನ ಹೆಂಡತಿ ಉಚ್ಚಮ್ಮ ದಿನದಂತೆ ಒಂದೊಂದೇ ಮರಿಯನ್ನು ಎತ್ತಿ ಅದರ ತಾಯಿಗೆ ಬಿಡತೊಡಗಿದಳು. ಒಂದು ಕುರಿ ತನ್ನ ಬಳಿ ಬಿಟ್ಟ ಮರಿಯನ್ನು ಮೂಸಿ, ಗುದ್ದಿ ಕೆಡವಿತು.

“ಅದರ ತಾಯಿ ಅದಲ್ಲ, ಆಕಡಿ ಬಿಳಿ ಕಿವೀದು!” ಯರ್ರೆಪ್ಪ ಕೂಗಿದ.

“ನನಗ ಎಲ್ಲಾ ಹೊಗಿ ಕವಿದಂಗ ಕಾಣ್ತತಿ,” ಎಂದಳು ಉಚ್ಚಮ್ಮ. ಮದುವೆಯಾಗಿ ಬಂದಾಗಿನಿಂದ ಅವಳ ಕೈ ಮರಿ ತಪ್ಪಿಸಿದ್ದೇ ಇರಲಿಲ್ಲ.

ಅದು ಕಣ್ಣಿನ ಪೊರೆ ಎಂದು ಊರಿನ ಆಶಾ ಕಾರ್ಯಕರ್ತೆ ನಾಗಜ್ಯೋತಿ ಮೊದಲೇ ಹೇಳಿದ್ದಳು. ಆಪರೇಷನ್ ಮಾಡಿಸದೆ ತಡೆದಿದ್ದವನು ಯರ್ರೆಪ್ಪನೇ. ಮರುದಿನ ಆಕೆ ಬಂದಾಗಲೂ ಅವನದು ಅದೇ ಮಾತು.

“ಯುಗಾದಿ ಕಳೀಲವ್ವ. ಮರಿ ಸಮೇತ ಕುರಿ ಮಾರಿ ಮಿಷನ್ ಹಚ್ಚಿ ಮಾಡೋ ಆಪರೇಷನ್ನೇ ಮಾಡಸ್ತೀನಿ. ಹತ್ತಿ ಸಾವುಕಾರ ವಾಗೀಶಪ್ಪ ಅದನ್ನೇ ಮಾಡಿಸ್ಯಾನ. ಕೈಲೇ ಮಾಡೋ ಅಗ್ಗದ್ದು ಬ್ಯಾಡ, ಅಗ್ಗದ ಕುರಿ ಹಟ್ಟಿಗೆಲ್ಲ ರೋಗ ತರ್ತತಿ.”

“ನಮ್ಮಪ್ಪ ನನ್ನ ಒಂದು ಸೀರಿಗೆ ಕೊಟ್ಟ,” ಉಚ್ಚಮ್ಮ ನಕ್ಕಳು. “ಅಗ್ಗದ ಮಾಲು ಬಾಳಿಕಿ ಬಂದಿಲ್ಲೇನು?”

“ದೊಡ್ಡಪ್ಪ, ಕುರಿ ಕೊಳ್ಳಾಗ ಹಲ್ಲು ನೋಡ್ತೀಯೋ, ಕೊರಳಾಗಿನ ಗಂಟಿ ನೋಡ್ತೀಯೋ?” ಎಂದಳು ನಾಗಜ್ಯೋತಿ. “ಡಾಕ್ಟರ್ ಹತ್ರಾನೂ ಹಂಗೇ ಬಾಯಿ ಬಿಡಿಸಿ ಕೇಳು, ಬಾ.”

ಮೂವರೂ ಆದವಾನಿ ಪಟ್ಟಣಕ್ಕೆ ಹೋದರು. ಅಲ್ಲಿನ ಕಣ್ಣಿನ ಡಾಕ್ಟರಮ್ಮ ಉಚ್ಚಮ್ಮನ ಕಣ್ಣು ನೋಡಿದರು. ಯರ್ರೆಪ್ಪ ಕೇಳಿಯೇಬಿಟ್ಟ: “ಮಿಷನ್ನಿಂದ ಮಾಡಿದ್ರ ಆಕಿಗೆ ಹೆಚ್ಚು ಕಾಣ್ತತೇನ್ರಿ?”

“ಮಿಷನ್, ಕೈ ಎರಡರಾಗೂ ಪೊರಿ ತೆಗದು ಒಳಗ ಲೆನ್ಸ್ ಇಡ್ತೀವಿ. ಮಿಷನ್ನಿಂದಾದ್ರ ಗಾಯ ಇನ್ನೂ ಸಣ್ಣದು, ಲಗೂನ ಮಾಯ್ತತಿ, ಕನ್ನಡಕದ ಅವಸರಾನೂ ಕಡಿಮಿ ಆಗಬಹುದು. ಕೈಲೇ ಮಾಡಿದ್ರೂ ಕೊನಿಗೆ ನೋಟ ಹೆಚ್ಚೂಕಡಿಮಿ ಅಷ್ಟೇ, ಖರ್ಚು ಕಡಿಮಿ. ಅಮ್ಮನ ಪೊರಿ ಬಲ್ತು ಗಟ್ಟಿ ಆಗೈತಿ, ಇಂಥದಕ್ಕ ಕೈಲೇ ಮಾಡೋದು ಚೊಲೋ ಹೊಂದ್ತತಿ.”

“ಕೈ ತಪ್ಪಿದ್ರ?”

“ಅಪಾಯ ಎರಡರಾಗೂ ಚೂರು ಇರ್ತತಿ. ಅದಕ್ಕೇ ಮೊದಲ ಸಕ್ಕರಿ, ಬಿ.ಪಿ. ಎಲ್ಲಾ ನೋಡ್ತೀವಿ. ನೀವು ತಡ ಮಾಡಿದಷ್ಟೂ ತೊಂದ್ರಿ ಜಾಸ್ತಿ.”

ಗುದ್ದಿಸಿಕೊಂಡ ಮರಿ ಯರ್ರೆಪ್ಪನ ಕಣ್ಣ ಮುಂದೆ ಬಂತು. ಅವನು ಹೆಂಡತಿಯ ಕಡೆ ತಿರುಗಿ, “ಏನಂತೀಯೇ?” ಎಂದ.

“ಕುರಿ ಉಳೀಲಿ, ಕಣ್ಣೂ ಬರ್ಲಿ.”

ಕೈಯಿಂದಲೇ ಆಪರೇಷನ್ ಆಯಿತು. ಉಚ್ಚಮ್ಮ ಡಾಕ್ಟರು ಹೇಳಿದಷ್ಟು ದಿನ ಹನಿ ಹಾಕಿಕೊಂಡು, ಹಟ್ಟಿಯ ಧೂಳಿನಿಂದ ದೂರ ಇದ್ದು, ತೋರಿಸಲು ಬಾ ಎಂದಾಗೆಲ್ಲ ಹೋಗಿಬಂದಳು. ಬೇಸಿಗೆ ಏರುವ ಹೊತ್ತಿಗೆ ಒಂದು ಸಂಜೆ ಕನ್ನಡಕ ಹಾಕಿಕೊಂಡು ಹಟ್ಟಿಗೆ ಇಳಿದಳು. ಬಿಳಿ ಕಿವಿಯ ಕುರಿಗೆ ಅದರ ಮರಿಯನ್ನೇ ಬಿಟ್ಟು, ಗಂಡನ ಮುಖ ನೋಡಿದಳು.

“ಅಲ್ಲಾ, ನಿನ್ನ ಮೀಸಿ ಯಾವಾಗ ಇಷ್ಟು ಬೆಳ್ಳಗಾತು?”

ನಿಮ್ಮ ಮನೆಯಲ್ಲೂ ಯಾರಿಗಾದರೂ ನೋಟ ಮಂಜಾಗಿದೆಯೇ? ದುಡ್ಡು ಕೂಡಲಿ ಎಂದು ಕತ್ತಲಲ್ಲಿ ಕೂರಿಸಬೇಡಿ. ದುಬಾರಿಯದೇ ಒಳ್ಳೆಯದು ಎನ್ನಬೇಡಿ, ಅಗ್ಗವೆಂದು ಅಳುಕಲೂ ಬೇಡಿ. ಈ ಕಣ್ಣಿಗೆ ಯಾವುದು ಹೊಂದುತ್ತದೆ, ಎಷ್ಟು ಕಂಡೀತು, ಖರ್ಚೆಷ್ಟು, ಸರ್ಕಾರದ ಸಹಾಯ ಉಂಟೇ ಎಂದು ಡಾಕ್ಟರನ್ನೇ ಕೇಳಿ.

ಯರ್ರೆಪ್ಪನ ಪಕ್ಕದ ಮನೆಯ ಲಿಂಗಕ್ಕನಿಗೂ ಪೊರೆ ಬಂದಿತ್ತು. ಮುಂದಿನ ಸೋಮವಾರ ಆಕೆ ಆದವಾನಿಯ ಬಸ್ಸು ಹತ್ತಿ ಹೊರಟಳು. ಕೈ ಹಿಡಿದು ಹತ್ತಿಸಿಕೊಂಡು ಹೋದವಳು ಉಚ್ಚಮ್ಮ.