ಚಿರತೆಗೆ ಕಿವಿ ಹೊಲಿದವಳು

ನಾನು ಯಾರ ಮುಖವನ್ನೂ ಇದ್ದ ಹಾಗೆ ಬಿಟ್ಟವಳಲ್ಲ. ನಮ್ಮ ಸ್ಟುಡಿಯೋದಲ್ಲಿ ಫೋಟೋ ತೆಗೆಸಿಕೊಂಡವರೆಲ್ಲ ಒಳಗೆ ಬಂದದ್ದಕ್ಕಿಂತ ಐದು ವರ್ಷ ಚಿಕ್ಕವರಾಗಿಯೇ ಹೊರಗೆ ಹೋಗಿದ್ದಾರೆ. ಮೊಡವೆ, ಮಚ್ಚೆ, ಕಣ್ಣಿನ ಕೆಳಗಿನ ಕಪ್ಪು, ಗದ್ದದ ಕೆಳಗೆ ಜೋತು ಬಿದ್ದದ್ದು, ಎಲ್ಲ ನನ್ನ ಕೈಯಲ್ಲಿ ಮಾಯ. ಒಬ್ಬ ಹೆಂಗಸು ಯಾವುದೋ ಆಫೀಸಿನಲ್ಲಿ ಗುರುತಿನ ಚೀಟಿ ತೋರಿಸಿದರೆ, "ಇದು ನಿಮ್ಮ ತಂಗಿದಲ್ವಾ?" ಎಂದು ವಾಪಸ್ಸು ಕಳಿಸಿದರಂತೆ. ಜಗಳಕ್ಕೇ ಬಂದಳು ಎಂದುಕೊಂಡು ನಾನು ತೋಳೇರಿಸಿ ನಿಂತಿದ್ದೆ. ಆಕೆ ಇನ್ನೂ ಎಂಟು ಪ್ರತಿ ಮಾಡಿಸಿಕೊಂಡು ಹೋದಳು.

ಅಂಗಡಿ ಎಂದರೆ ಎರಡೇ ಕೋಣೆ. ಮುಂದಿನದರಲ್ಲಿ ಬಿಳಿ ಪರದೆ, ನೀಲಿ ಪರದೆ, ಒಂದು ಕಾಲು ಕುಂಟುವ ಸ್ಟೂಲು, ಕನ್ನಡಿ, ಯಾರೂ ಹೊತ್ತೊಯ್ಯದಂತೆ ದಾರ ಕಟ್ಟಿದ ಬಾಚಣಿಗೆ. ಅದು ನನ್ನ ಗಂಡನ ರಾಜ್ಯ. "ಗದ್ದ ಸ್ವಲ್ಪ ಕೆಳಗೆ, ಇನ್ನೂ ಸ್ವಲ್ಪ, ಹಾಂ, ಅಲ್ಲೇ ಇರಿ" ಎಂದು ದಿನಕ್ಕೆ ನಲವತ್ತು ಸಲ ಹೇಳುತ್ತಾರೆ. ಹಿಂದಿನ ಕೋಣೆಯಲ್ಲಿ ಕಂಪ್ಯೂಟರು, ಪ್ರಿಂಟರು, ನಾನು. ಕ್ಯಾಮೆರಾದ ಕಾರ್ಡು ನನ್ನ ಕೈಗೆ ಬಂದರೆ ಮೂರೇ ಕೆಲಸ. ಕಣ್ಣು ನೆಟ್ಟಗೆ ಬಿಟ್ಟಿರುವ ಒಂದು ಫೋಟೋ ಇಟ್ಟುಕೊಂಡು ಮಿಕ್ಕವನ್ನು ಅಳಿಸುವುದು. ಆ ಒಂದನ್ನು ಚೊಕ್ಕ ಮಾಡಿ ಅದರ ಮೇಲೆಯೇ ಸೇವ್ ಮಾಡುವುದು. ಕಾರ್ಡು ಖಾಲಿ ಮಾಡಿ ಮುಂದಿನ ಗಿರಾಕಿಗೆ ಕೊಡುವುದು. ಮದುವೆಯಾದ ವರ್ಷ ಅಂಗಡಿ ತೆರೆದೆವು. ಇಪ್ಪತ್ತೆರಡು ವರ್ಷದಿಂದ ಇದೇ ಕ್ರಮ, ಒಂದು ದಿನ ತಪ್ಪಿದ್ದಿಲ್ಲ.

ಅಂಗಡಿಗೆ ಸೋಮವಾರ ರಜೆ. ಬೇರೆಯವರ ಗಂಡಂದಿರು ರಜೆಯ ದಿನ ಮಲಗುತ್ತಾರೆ, ಇಲ್ಲವೇ ಸೋರುವ ನಲ್ಲಿ ಸರಿಮಾಡುತ್ತಾರೆ. ನಮ್ಮವರು ಬೆಳಗಿನ ಬಸ್ಸು ಹಿಡಿದು ಅಭಯಾರಣ್ಯಕ್ಕೆ ಹೋಗುತ್ತಾರೆ. ಆರು ವರ್ಷದಿಂದ ಒಂದು ಚಿರತೆಯ ಬೆನ್ನು ಬಿದ್ದಿದ್ದರು. ಬೆನ್ನು ಬಿದ್ದಿದ್ದರು ಎಂದರೆ, ಸಿಕ್ಕಿದ್ದೆಲ್ಲ ಬರೀ ಬೆನ್ನುಗಳೇ. ಜಿಂಕೆಯ ಹಿಂಭಾಗ, ಹಂದಿಯ ಹಿಂಭಾಗ, ಪೊದೆಯೊಳಗೆ ಮಾಯವಾಗುತ್ತಿರುವ ಯಾರದೋ ಬಾಲ. ಅದಕ್ಕೆ ಕಾರಣವೂ ಇತ್ತು. ಜೀಪಿನಲ್ಲಿ ಉಸಿರು ಬಿಗಿಹಿಡಿದು ಕೂತಿರಬೇಕಾದ ಹೊತ್ತಿಗೆ ಸರಿಯಾಗಿ ಇವರ ಬಾಯಿಂದ "ಗದ್ದ ಸ್ವಲ್ಪ ಕೆಳಗೆ" ಎಂದು ಬಂದುಬಿಡುತ್ತಿತ್ತು. ಜೀಪಿನಲ್ಲಿದ್ದವರೆಲ್ಲ ಇವರ ಕಡೆ ತಿರುಗಿ ನೋಡುತ್ತಿದ್ದರು, ಪ್ರಾಣಿ ಮಾತ್ರ ತಿರುಗಿಯೂ ನೋಡದೆ ಓಡಿಹೋಗುತ್ತಿತ್ತು. ಕೊನೆಗೆ ಬಾಯಿಗೆ ಕರವಸ್ತ್ರ ಕಟ್ಟಿಕೊಂಡು ಕೂರಲು ಶುರುಮಾಡಿದರು.

ಇಂಥ ಫೋಟೋಗಳನ್ನೆಲ್ಲ ಅಲ್ಲಿಂದಲೇ ನನ್ನ ಫೋನಿಗೆ ಕಳಿಸುತ್ತಿದ್ದರು. ಲದ್ದಿಯ ಫೋಟೋ ಕಳಿಸಿ "ಯಾವ ಪ್ರಾಣಿ ಹೇಳು ನೋಡೋಣ" ಎಂದು ಬರೆದ ದಿನ ನಾನು ಅವರ ಮೆಸೇಜುಗಳನ್ನು ಮ್ಯೂಟ್ ಮಾಡಿ ಬಾಯಿ ಮುಚ್ಚಿಸಿದೆ. ಆಮೇಲೆ ತೆರೆದು ನೋಡಿದವಳೇ ಅಲ್ಲ.

ಹಾಗಂತ ಈ ಹುಚ್ಚು ಯಾಕೆಂದು ನನಗೆ ಗೊತ್ತಿಲ್ಲದೆ ಇರಲಿಲ್ಲ. ಅಭಯಾರಣ್ಯದ ಬಾಗಿಲಲ್ಲೇ ಒಂದು ದೊಡ್ಡ ಹಾಲ್ ಇದೆ. ಅದರ ಗೋಡೆಯ ತುಂಬ ಅಲ್ಲಿಯೇ ತೆಗೆದ ಪ್ರಾಣಿಗಳ ಫೋಟೋ, ಕೆಳಗೆ ತೆಗೆದವರ ಹೆಸರು. ಒಮ್ಮೆ ನಾನೂ ಜೊತೆಗೆ ಹೋಗಿದ್ದಾಗ ಇವರು ಕಿಟಕಿಯ ಪಕ್ಕದ ಖಾಲಿ ಜಾಗದ ಮುಂದೆ ನಿಂತು ಹೇಳಿದರು: "ಒಂದು ಲಕ್ಷ ಮುಖ ತೆಗೆದಿರಬೇಕು ಕಣೇ ನಾನು. ಎಲ್ಲಾ ಹೋಗಿ ಪರ್ಸಲ್ಲಿ, ಫೈಲಲ್ಲಿ ಕೂತವೆ. ಒಂದೇ ಒಂದಾದ್ರೂ ಗೋಡೆ ಮೇಲೆ ಇರ್ಬೇಕು. ಒಂದು ಸಾಕು." ನಾನು ಸೆರಗಿನಿಂದ ಆ ಜಾಗದ ಧೂಳು ಒರೆಸಿದೆ. ಆಮೇಲೆ, "ಬಸ್ಸು ಹೋಗುತ್ತೆ, ನಡೀರಿ" ಎಂದು ಗದರಿದೆ.

ಕಳೆದ ತಿಂಗಳ ಒಂದು ಸೋಮವಾರ ಮಧ್ಯಾಹ್ನ ಇವರು ಬಾಗಿಲಲ್ಲಿ ನಿಂತಾಗ ಮುಖ ಊರಗಲ ಆಗಿತ್ತು. ಕಾರ್ಡನ್ನು ನನ್ನ ಅಂಗೈಯಲ್ಲಿಟ್ಟು, "ಬಂತು. ಎದುರಿಗೇ ಬಂತು. ಬಂಡೆ ಹಿಂದಿಂದ ಮುಖ ಎತ್ತಿ ನೇರ ನನ್ನನ್ನೇ ನೋಡ್ತು ಕಣೇ" ಎಂದಷ್ಟೇ ಹೇಳಿ, ಬೂಟೂ ಬಿಚ್ಚದೆ ಮಂಚದ ಮೇಲೆ ಬಿದ್ದು ಗೊರಕೆ ಹೊಡೆಯತೊಡಗಿದರು.

ನಾನು ಕಂಪ್ಯೂಟರಿನ ಮುಂದೆ ಕೂತೆ. ಹದಿನಾಲ್ಕು ಫೋಟೋ. ದೇವರಾಣೆ, ಮೈ ಜುಮ್ಮೆಂದಿತು. ಮೈಯೆಲ್ಲ ಬಂಡೆಯ ಹಿಂದೆ, ಮುಖವೊಂದೇ ಮುಂದೆ, ಥೇಟ್ ಪಾಸ್‌ಪೋರ್ಟ್ ಫೋಟೋಕ್ಕೆ ಕೂತ ಹಾಗೆ. ಗದ್ದ ಕೂಡ ಎಷ್ಟು ಕೆಳಗಿರಬೇಕೋ ಅಷ್ಟೇ ಕೆಳಗೆ. ಆದರೆ ಆ ಮುಖವೋ! ಮೂಗಿನ ಮೇಲೆ ಅಡ್ಡ ಗೀರು. ಎಡಗಡೆ ಕಿವಿ ಹರಿದು ಎರಡು ಚೂರಾಗಿ ನೇತಾಡುತ್ತಿತ್ತು, ಆ ಅರ್ಧ ಮುಖವೆಲ್ಲ ನೆರಳು. ಮೀಸೆಯ ಹತ್ತಿರ ಅಂಕೆಯಿಲ್ಲದ ಚುಕ್ಕಿಗಳು. ಪಾಪ, ಇವರ ಆರು ವರ್ಷದ ಕನಸು ಇಂಥ ಮುಖ ಹೊತ್ತು ಗೋಡೆಗೆ ಹೋಗಬೇಕೇ ಎಂದು ನನ್ನ ಕರುಳು ಚುರ್ರೆಂದಿತು.

ನಾನೇನು ಮಾಡಿದೆನೆಂದು ಬೇರೆ ಹೇಳಬೇಕಿಲ್ಲ. ಚೆನ್ನಾಗಿದ್ದ ಒಂದನ್ನು ಉಳಿಸಿ ಹದಿಮೂರನ್ನು ಅಳಿಸಿದೆ. ಮೂಗಿನ ಗೀರು ಒರೆಸಿದೆ. ಚೆನ್ನಾಗಿದ್ದ ಬಲಗಡೆಯ ಅರ್ಧ ಮುಖವನ್ನು ತಿರುಗಿಸಿ ಎಡಗಡೆಗೆ ಅಂಟಿಸಿದೆ. ಮದುವೆ ಹೆಣ್ಣುಗಳಿಗೆ ನಾನು ಎಷ್ಟೋ ಸಲ ಮಾಡಿದ ಕೆಲಸ. ಕಿವಿ ಎರಡೂ ಜೋಡಿಯಾಗಿ ಕೂತವು, ಚುಕ್ಕಿಗಳು ಸಾಲಾಗಿ ನಿಂತವು. ಅದರ ಮೇಲೆಯೇ ಸೇವ್ ಮಾಡಿದೆ, ಕಾರ್ಡು ಖಾಲಿ ಮಾಡಿ ಕ್ಯಾಮೆರಾಕ್ಕೆ ಹಾಕಿದೆ. ಇವರು ಎದ್ದು ನೋಡಿ, "ಆಹಾ! ಎಷ್ಟು ಲಕ್ಷಣವಾಗಿದೆ ನೋಡೇ. ಅಲ್ಲಿ ಕಿವಿ ಮೂಗು ನೋಡೋಕೆ ಪುರುಸೊತ್ತೆಲ್ಲಿತ್ತು, ಫೋಕಸ್ ಒಂದು ಸಿಕ್ರೆ ಸಾಕು ಅನ್ನೋ ಹಾಗಿತ್ತು" ಎಂದರು. ನಾನು ಜಂಬದಿಂದ ನಕ್ಕೆ. ಅವತ್ತೇ ಇವರು ಅದನ್ನು ಅಭಯಾರಣ್ಯಕ್ಕೆ ಕಳಿಸಿಕೊಟ್ಟರು.

ನಾಲ್ಕು ದಿನಕ್ಕೆ ಅಭಯಾರಣ್ಯದಿಂದ ಫೋನು ಬಂತು. ಫೋಟೋ ಗೋಡೆಗೆ ಹೋಗುತ್ತದೆ! ಅಷ್ಟೇ ಅಲ್ಲ, ಅಲ್ಲಿ ಪ್ರತಿ ಚಿರತೆಯ ಮುಖದ ಗುರುತು ಬರೆದಿಟ್ಟ ರಿಜಿಸ್ಟರ್ ಇದೆಯಂತೆ, ಅದರಲ್ಲಿ ಇಂಥ ಮುಖವೇ ಇಲ್ಲವಂತೆ. ಹೊಸ ಚಿರತೆ! ಇವರು ಬಿಳಿ ಪರದೆಯ ಮುಂದೆ ಕೂತಿದ್ದ ಗಿರಾಕಿಯನ್ನು ಅಲ್ಲೇ ಬಿಟ್ಟು ಬೀದಿಗೆ ಓಡಿ, ಎದುರಿನ ಬೀಗದ ರಿಪೇರಿಯವನಿಗೆ, ಪಕ್ಕದ ದರ್ಜಿಗೆ, ದಾರಿಯಲ್ಲಿ ಹೋಗುತ್ತಿದ್ದ ಪೋಸ್ಟ್‌ಮನ್ನಿಗೆ, ಎಲ್ಲರಿಗೂ ಸಾರಿ ಬಂದರು.

ಮುಂದಿನ ಸೋಮವಾರ ಇಬ್ಬರೂ ಹೋದೆವು. ರೇಂಜರ್ ಸಾಹೇಬರು ಇವರ ಕೈ ಕುಲುಕಿ ಆ ಹಾಲ್‌ಗೆ ಕರೆದುಕೊಂಡು ಹೋದರು. ಆಫೀಸಿನಲ್ಲಿ ಉಳಿದದ್ದು ನಾನು ಮತ್ತು ಗಾರ್ಡಮ್ಮ. ಹದಿನೈದು ವರ್ಷ ಕಾಡು ತಿರುಗಿದ ಹೆಂಗಸು, ಕಾಲಿನಲ್ಲಿ ದಪ್ಪ ಬೂಟು, ಕಿವಿಯ ಸಂದಿಯಲ್ಲಿ ಪೆನ್ನು. ರಿಜಿಸ್ಟರ್ ತೆರೆದು ಒಂದು ಪುಟದ ಮೇಲೆ ಕೈಯಿಟ್ಟುಕೊಂಡು ಸಪ್ಪಗೆ ಕೂತಿದ್ದಳು.

"ಹೊಸದು ಬಂದ್ರೆ ಸಂತೋಷ ಪಡ್ಬೇಕು, ನೀವು ನೋಡಿದ್ರೆ ಹಿಂಗೆ ಕೂತಿದ್ದೀರಿ" ಎಂದೆ.

"ಹೊಸದು ಬಂತು, ನಮ್ಮಜ್ಜಿ, ಆ ಮುದಿ ಚಿರತೆ, ಹೋದ್ಲಲ್ಲಮ್ಮ. ಎರಡು ವರ್ಷ ಒಂದೂ ಫೋಟೋ ಸಿಗ್ಲಿಲ್ಲ ಅಂದ್ರೆ ಹೆಸರು ಹೊಡೆದು ಹಾಕ್ಬೇಕು, ಅದು ನಿಯಮ. ಈ ಶುಕ್ರವಾರಕ್ಕೆ ಎರಡು ವರ್ಷ. ನಾನು ಕೆಲಸಕ್ಕೆ ಸೇರಿದ ಮೇಲೆ ಮೊದಲು ನೋಡಿದ ಮರಿ ಇವಳು. ನನ್ನ ಕೈಯಲ್ಲೇ ಗೆರೆ ಎಳಿ ಅಂತಾರೆ."

ಆಕೆ ಕೈ ಸರಿಸಿದಳು. ಮೂಗಿನ ಮೇಲೆ ಅಡ್ಡ ಗೀರು. ಎಡಗಡೆಯ ಕಿವಿ ಹರಿದು ಎರಡು ಚೂರು. ಮೀಸೆಯ ಹತ್ತಿರ ಅದೇ ಅಂಕೆಯಿಲ್ಲದ ಚುಕ್ಕಿಗಳು.

ಆಚೆ ಹಾಲ್‌ನಲ್ಲಿ ಇವರು ಕಿಟಕಿ ಪಕ್ಕದ ಗೋಡೆಯನ್ನು ಅಂಗೈಯಿಂದ ಸವರಿ ಸವರಿ ನೋಡುತ್ತಿದ್ದುದು ಬಾಗಿಲಿನಿಂದ ಕಾಣುತ್ತಿತ್ತು. ರೇಂಜರ್ ಸಾಹೇಬರ ದನಿ ಕೇಳಿಸಿತು: "ನಮ್ಮದು ಒಂದೇ ಷರತ್ತು. ತೆಗೆದ ಮೇಲೆ ಒಂದು ಕೂದಲೂ ಮುಟ್ಟಿರಬಾರದು. ಮುಟ್ಟಿದ ಫೋಟೋ ಗೋಡೆ ಹತ್ತಲ್ಲ." ಇವರು ಎದೆಯುಬ್ಬಿಸಿ, "ಛೆ ಛೆ, ಸಾರ್!" ಎಂದರು. ನೆಲ ಬಾಯಿಬಿಟ್ಟಿದ್ದರೆ ನಾನು ಬ್ಯಾಗು ಸಮೇತ ಇಳಿದುಹೋಗುತ್ತಿದ್ದೆ.

ಮನೆಗೆ ಬಂದು ಕಂಪ್ಯೂಟರಿನ ಮೂಲೆಮೂಲೆ ಜಾಲಾಡಿದೆ. ಅಳಿಸಿದ್ದು ಅಳಿಸಿಯೇ ಹೋಗಿತ್ತು. ಆ ಕಾರ್ಡಿನ ಮೇಲೆ ಅಷ್ಟರಲ್ಲಿ ಇನ್ನೂರು ಜನ ಗಿರಾಕಿಗಳು ಬಂದು ಕೂತಿದ್ದರು. ನನ್ನ ಅಚ್ಚುಕಟ್ಟಿಗಿಷ್ಟು ಬೆಂಕಿ ಹಾಕ! ಬುಧವಾರದವರೆಗೂ ಊಟ ಸೇರಲಿಲ್ಲ. ಬುಧವಾರ ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತಿನಲ್ಲಿ ಥಟ್ಟನೆ ಹೊಳೆಯಿತು, ಬಾಯಿ ಮುಚ್ಚಿಸಿದ್ದ ಆ ಮೆಸೇಜುಗಳು! ಫೋನಿನಲ್ಲಿ ನಾನು ನೋಡದ ಇವರ ಮುನ್ನೂರ ಹನ್ನೆರಡು ಫೋಟೋ ಇದ್ದವು. ಕಳಿಸಿದ ತಕ್ಷಣ ತಮ್ಮ ಫೋನಿನಿಂದ ಅಳಿಸುವ ಚಾಳಿ ಅವರದು. 'ನೋಡಿದ್ಯಾ' ಎಂದು ಒಂದು ದಿನವೂ ನನ್ನನ್ನು ಕೇಳಿರಲಿಲ್ಲ. ನನಗೆ ನಾಚಿಕೆಯಾಯಿತು.

ಆ ಸೋಮವಾರದ್ದು ಸಿಕ್ಕಿತು. ಜೀಪಿನಲ್ಲೇ ಕೂತು ಕ್ಯಾಮೆರಾದ ಹಿಂದಿನ ಪುಟ್ಟ ಪರದೆಯನ್ನು ಫೋನಿನಿಂದ ತೆಗೆದು ಕಳಿಸಿದ್ದರು. ಸೊಟ್ಟಗಿತ್ತು, ಮೂಲೆಯಲ್ಲಿ ಹೆಬ್ಬೆರಳಿತ್ತು, ಅರ್ಧ ಮಸುಕಿತ್ತು. ಆದರೆ ಹರಿದ ಕಿವಿ ಇತ್ತು, ಗೀರಿತ್ತು, ಅಜ್ಜಿ ಇದ್ದಳು. ಕೆಳಗೆ ಬರೆದಿದ್ದರು: "ಮೊದಲು ನಿನಗೇ ತೋರಿಸ್ತಿರೋದು."

ಪರದೆಯ ಗಾಜಿನಲ್ಲಿ, ಚಿರತೆಯ ಹಣೆಯ ಮೇಲೆ, ಇವರ ಮುಖದ ಪ್ರತಿಬಿಂಬವೂ ಬಿದ್ದಿತ್ತು. ಟೋಪಿ ಸೊಟ್ಟ, ಕರವಸ್ತ್ರ ಕತ್ತಿಗೆ ಜಾರಿದೆ, ಬಾಯಿ ಇಷ್ಟಗಲ ತೆರೆದು ನಗುತ್ತಿದ್ದಾರೆ. ಮುಂದಿನ ಎರಡು ಹಲ್ಲು ಹೋದಾಗಿನಿಂದ ಇವರು ಯಾವ ಫೋಟೋಕ್ಕೂ ತುಟಿ ಬಿಚ್ಚಿದವರಲ್ಲ. ನಮ್ಮ ಅಂಗಡಿಯಲ್ಲಿ ಊರಿನವರೆಲ್ಲರ ಮುಖವಿದೆ, ಇವರು ನಗುವ ಒಂದು ಫೋಟೋ ಇಲ್ಲ.

ನನ್ನ ಬೆರಳು ಅಳಿಸುವ ಗುಂಡಿಯ ಮೇಲೆ ಹೋಯಿತು. ಇದನ್ನು ಅಳಿಸಿಬಿಟ್ಟರೆ ಇವರ ಫೋಟೋ ಗೋಡೆಯ ಮೇಲೆ, ಯಾರಿಗೂ ಗೊತ್ತಾಗುವುದಿಲ್ಲ. ಅಳಿಸುವುದರಲ್ಲಂತೂ ನಾನು ಎತ್ತಿದ ಕೈ. ಆದರೆ ಬದುಕಿರುವ ಆ ಮುದುಕಿಯ ಹೆಸರಿನ ಮೇಲೆ ಗಾರ್ಡಮ್ಮ ಗೆರೆ ಎಳೆಯಬೇಕು, ಹುಟ್ಟದೇ ಇರುವ ಚಿರತೆಗೆ ಹೆಸರಿಡಬೇಕು. ಎದ್ದು ಮುಂದಿನ ಕೋಣೆಗೆ ಹೋಗಿ ಇವರ ಮುಂದೆ ಫೋನು ಹಿಡಿದು, ಉಸಿರು ತೆಗೆದುಕೊಳ್ಳದೆ ಎಲ್ಲವನ್ನೂ ಒದರಿಬಿಟ್ಟೆ.

ಇವರು ಗಿರಾಕಿಯ ಸ್ಟೂಲಿನ ಮೇಲೆ ಕುಸಿದು ಕೂತರು. "ಆರು ವರ್ಷ ಕಣೇ" ಎಂದರು. ಅಷ್ಟೇ. ಬೈದಿದ್ದರೆ ತಿರುಗಿ ಬೈದು ಹಗುರಾಗುತ್ತಿದ್ದೆ, ಈ ಮನುಷ್ಯ ಬೈಯಲೂ ಇಲ್ಲ. ದಾರ ಕಟ್ಟಿದ ಬಾಚಣಿಗೆಯನ್ನು ಸುತ್ತಿ ಬಿಚ್ಚಿ, ಸುತ್ತಿ ಬಿಚ್ಚಿ, ಕೊನೆಗೆ ಕೇಳಿದರು: "ಅಜ್ಜಿ ಹೆಸರು ಹೊಡೆಯೋದು ಯಾವತ್ತು ಅಂದೆ?"

"ನಾಡಿದ್ದು."

"ಶಟರ್ ಎಳಿ."

ವಾರದ ನಡುವೆ, ಹಾಡುಹಗಲೇ, ನಮ್ಮ ಅಂಗಡಿ ಮುಚ್ಚಿದ್ದು ಅದೇ ಮೊದಲು.

ಗಾರ್ಡಮ್ಮ ಫೋನನ್ನು ಕಣ್ಣಿಗೆ ತಾಗುವಷ್ಟು ಹತ್ತಿರ ಹಿಡಿದು ನೋಡಿದಳು. "ಅಯ್ಯೋ ನನ್ನ ಮುದುಕೀ, ಇದ್ದೀಯೇನೇ!" ಎಂದು ಅಲ್ಲೇ ಮೇಜಿನ ಮೇಲೆ ತಲೆಯಿಟ್ಟು ಅತ್ತಳು, ಅಳುತ್ತಲೇ ನಕ್ಕಳು. ರೇಂಜರ್ ಸಾಹೇಬರು ಮಾತ್ರ ಚೌಕಟ್ಟು ಹಾಕಿಸಿ ತಂದಿಟ್ಟಿದ್ದ ನನ್ನ ಜೋಡಿ ಕಿವಿಯ ಚಿರತೆಯನ್ನೂ ನನ್ನನ್ನೂ ಬದಲಿಸಿ ಬದಲಿಸಿ ನೋಡಿದರು.

"ಎಂಥಾ ಕೆಲಸ ಮಾಡಿದ್ರಿ ಅಮ್ಮಾ! ಮೇಲಿನ ಆಫೀಸಿಗೆಲ್ಲ ಹೊಸ ಚಿರತೆ ಅಂತ ಬರೆದು ಕಳಿಸಿದ್ದೀನಿ!"

ನಾನು ಇಂಗು ತಿಂದ ಮಂಗನ ಹಾಗೆ ನಿಂತಿದ್ದೆ. ಇವರು ಮುಂದೆ ಬಂದರು. "ತಪ್ಪು ನಮ್ಮದು ಸಾರ್, ಅಂಗಡಿ ಇಬ್ಬರದ್ದು. ಆ ಫೋಟೋ ವಾಪಸ್ ಕೊಟ್ಟುಬಿಡಿ" ಎಂದು ಚೌಕಟ್ಟನ್ನು ತಾವೇ ಎತ್ತಿ ಕಂಕುಳಲ್ಲಿಟ್ಟುಕೊಂಡರು.

ಕಣ್ಣೊರೆಸಿಕೊಂಡ ಗಾರ್ಡಮ್ಮ ಎದ್ದಳು. "ಸಾರ್, ಗೋಡೆಗೆ ಇದನ್ನೇ ಹಾಕೋಣ. ಎರಡು ವರ್ಷದಲ್ಲಿ ಅಜ್ಜಿ ಸಿಕ್ಕಿರೋದು ಇದೊಂದೇ."

"ಇದು ಫೋಟೋದ ಫೋಟೋ ಕಣಮ್ಮ. ಮಸುಕು ಹೋಗ್ಲಿ, ಬೆರಳು ಹೋಗ್ಲಿ. ಚಿರತೆ ಹಣೆ ಮೇಲೆ ಯಾರೋ ಹಲ್ಲಿಲ್ಲದೋರು ಬಾಯಿ ತೆಕ್ಕೊಂಡು ಕೂತಿದ್ದಾರಲ್ಲ!" ಸಾಹೇಬರು ನನ್ನ ಕಡೆ ತಿರುಗಿದರು. "ಅಲ್ಲಮ್ಮಾ, ಇವರೊಬ್ಬರನ್ನ ತೆಗೆಯೋಕಾಗುತ್ತಾ?"

ಇವರು ಪರದೆಗೆ ಬಗ್ಗಿ ನೋಡಿ, ಕೈಯಿಂದ ಬಾಯಿ ಮುಚ್ಚಿಕೊಂಡರು. "ತೆಗೆದುಬಿಡೇ. ನಿನಗೆ ಎರಡು ನಿಮಿಷದ ಕೆಲಸ."

ನಿಜ, ಎರಡು ನಿಮಿಷವೂ ಬೇಡ. ಕೈ ತುರಿಸುತ್ತಲೂ ಇತ್ತು.

"ಆಗುತ್ತೆ ಸಾರ್, ಆದ್ರೆ ಮಾಡಲ್ಲ" ಎಂದೆ. "ಒಂದು ಕೂದಲೂ ಮುಟ್ಟಬಾರದು, ಮುಟ್ಟಿದ್ದು ಗೋಡೆ ಹತ್ತಲ್ಲ. ನಿಮ್ಮದೇ ಷರತ್ತು ತಾನೇ?"

ಗಾರ್ಡಮ್ಮ ಪಕಪಕ ನಕ್ಕಳು. ಸಾಹೇಬರು ಸುತ್ತಿಗೆ ಎಲ್ಲಿದೆ ಎಂದು ಕೇಳಿದರು.

ಈಗ ಕಿಟಕಿಯ ಪಕ್ಕ ಅದೇ ಇದೆ. ಕಳೆದ ಸೋಮವಾರ ನಾನೂ ಹೋಗಿದ್ದೆ. ನೋಡಲು ಬಂದವರು ಅದರ ಮುಂದೆ ನಿಂತು, ಮೊದಲು ಕಿವಿ ನೋಡಿ, ಆಮೇಲೆ ಹಣೆ ನೋಡಿ, ತಾವೂ ನಗುತ್ತಿದ್ದರು. ಇವರು ಟೋಪಿ ಕೆಳಗೆಳೆದುಕೊಂಡು ನನ್ನ ಹಿಂದೆ ಬಚ್ಚಿಟ್ಟುಕೊಂಡಿದ್ದರು.

"ಹಲ್ಲೆರಡು ಕೂರಿಸಬಹುದಿತ್ತು ಕಣೇ" ಎಂದು ಪಿಸುಗುಟ್ಟಿದರು.

"ಸುಮ್ನಿರ್ರೀ" ಎಂದೆ. "ಗದ್ದ ಸ್ವಲ್ಪ ಮೇಲೆ. ಜನ ನೋಡ್ತಿದ್ದಾರೆ."