ಗೋಲ್‌ಕೀಪರನ ಹೇಳಿಕೆ

ಪೇಪರಿನಲ್ಲಿ ಬರುವ ಆಟಗಾರರ ಮಾತನ್ನು ಆಟಗಾರರೇ ಆಡಿರುತ್ತಾರೆ ಅಂತ ನಂಬುವವರು ಇನ್ನೂ ಇದ್ದಾರೆ. ಅವರಿಗೊಂದು ದೊಡ್ಡ ನಮಸ್ಕಾರ. ಒಂದು ಫುಟ್‌ಬಾಲ್ ಕ್ಲಬ್ಬಿನ ಪಿಆರ್ ವಿಭಾಗದಲ್ಲಿ ಕೂತು ಎಂಟು ವರ್ಷ ಆ ಮಾತುಗಳನ್ನು ಬರೆದವಳು ನಾನು. ಪಂದ್ಯ ಮುಗಿದ ಇಪ್ಪತ್ತು ನಿಮಿಷದೊಳಗೆ ವರದಿಗಾರರಿಗೆ ಹೇಳಿಕೆ ಹೋಗಬೇಕು. ಆಟಗಾರ ಆಗ ಸ್ನಾನಕ್ಕೆ ಹೋಗಿರುತ್ತಾನೆ, ಇಲ್ಲವೇ ಕೋಚ್ ಹತ್ತಿರ ಬೈಸಿಕೊಳ್ಳುತ್ತಿರುತ್ತಾನೆ. ಸಿಕ್ಕಿದರೂ ನಮ್ಮ ಹುಡುಗರದು ಬಾಯಿ ಬಿಟ್ಟರೆ ಬಣ್ಣಗೇಡು. ಹಾಗಾಗಿ ನಾನೇ ಬರೆದು, ಫೋನಿನಲ್ಲಿ ತೋರಿಸಿ, ಅವರು ‘ಸರಿ ಅಕ್ಕಾ’ ಅಂದ ಮೇಲೆ ಕಳಿಸುತ್ತಿದ್ದೆ.

ಅಪ್ಪ ಮೂವತ್ತು ವರ್ಷ ಪ್ರೆಸ್ಸಿನಲ್ಲಿ ಕರಡು ತಿದ್ದಿದವರು, ಅವರ ಕಣ್ಣಿಗೆ ಮಣ್ಣೆರಚಲು ಆಗುತ್ತಿರಲಿಲ್ಲ. ‘ಏನೇ, ನಿಮ್ಮ ಕ್ಲಬ್ಬಲ್ಲಿ ಹನ್ನೊಂದು ಜನಕ್ಕೂ ಸೇರಿ ಒಂದೇ ನಾಲಿಗೇನಾ?’ ಅಂತ ಬೆಳಿಗ್ಗೆ ಬೆಳಿಗ್ಗೆ ಕೆಣಕುತ್ತಿದ್ದರು. ನಾನು ನಕ್ಕು ಟಿಫಿನ್ ಡಬ್ಬಿ ತಗೊಂಡು ಹೊರಡುತ್ತಿದ್ದೆ.

ಆ ವರ್ಷ ನಮ್ಮ ಪಿಆರ್ ಹೆಡ್ ನಿವೃತ್ತರಾಗುವವರಿದ್ದರು. ಅವರ ಕುರ್ಚಿ ನನಗೆ ಬೇಕಿತ್ತು. ನನ್ನ ನಂತರ ಸೇರಿದ ಇಬ್ಬರು ಬೇರೆ ಕ್ಲಬ್ಬುಗಳಲ್ಲಿ ಹೆಡ್ ಆಗಿ ಕೂತಿದ್ದನ್ನು ನೋಡಿ ಹೊಟ್ಟೆ ಉರಿದುಕೊಂಡವಳು ನಾನು, ಸುಳ್ಳು ಯಾಕೆ ಹೇಳಲಿ. ‘ಸೀಸನ್ ಮುಗೀಲಿ ನೋಡೋಣ’ ಅಂದಿದ್ದರು ಕ್ಲಬ್ಬಿನ ಸೆಕ್ರೆಟರಿ.

ಸೆಮಿಫೈನಲ್ ಬುಧವಾರ ಮಧ್ಯಾಹ್ನ ಇತ್ತು. ನಮ್ಮ ಗೋಲ್‌ಕೀಪರನನ್ನು ಎಲ್ಲರೂ ಗೋಡೆ ಅಂತಲೇ ಕರೆಯುತ್ತಿದ್ದರು. ಇಪ್ಪತ್ತಮೂರು ವಯಸ್ಸು, ತಂದೆ ಇಲ್ಲ, ತಾಯಿಯ ಜೊತೆ ಎರಡು ರೂಮಿನ ಮನೆಯಲ್ಲಿದ್ದ. ಕೊನೆಯ ಹತ್ತು ನಿಮಿಷ ಇದ್ದಾಗ ಎದುರಾಳಿಯ ಮೊಣಕಾಲು ಅವನ ತಲೆಗೆ ಬಡಿಯಿತು. ಎದ್ದು ನಿಂತ, ಆಡಿ ಮುಗಿಸಿದ, ನಾವು ಗೆದ್ದೆವು.

ಹೇಳಿಕೆಗೆ ಅಂತ ಹೋದರೆ ಅವನು ಡ್ರೆಸ್ಸಿಂಗ್ ರೂಮಿನ ಬೆಂಚಿನ ಮೇಲೆ ಒಂದೇ ಬೂಟು ಬಿಚ್ಚಿ ಕೂತಿದ್ದ. ‘ಅಕ್ಕಾ, ಯಾರು ಗೆದ್ದಿದ್ದು?’ ಅಂದ. ನಾವೇ ಕಣೋ ಅಂದೆ. ಸ್ವಲ್ಪ ಹೊತ್ತಿಗೆ ಮತ್ತೆ ಅದನ್ನೇ ಕೇಳಿದ. ಮೂರನೇ ಸಲ ಕೇಳಿದಾಗ ನಾನು ನಕ್ಕೆ. ನಕ್ಕಿದ್ದು ಈಗಲೂ ಕಿವಿಯಲ್ಲಿದೆ.

ಹೊರಗೆ ವರದಿಗಾರರು ಕೇಳುತ್ತಿದ್ದದ್ದು ಒಂದೇ: ಭಾನುವಾರದ ಫೈನಲ್‌ನಲ್ಲಿ ಗೋಡೆ ಆಡುತ್ತಾನಾ? ‘ಏನಾದ್ರೂ ಒಳ್ಳೇದು ಕೊಡಮ್ಮಾ, ಬೇಗ’ ಅಂದರು ಸೆಕ್ರೆಟರಿ. ನಾನು ಬರೆದೆ: “ತಲೆಗೆ ಪೆಟ್ಟು ಬಿದ್ದದ್ದು ನಿಜ. ಈಗ ಆರಾಮಾಗಿದ್ದೇನೆ. ಭಾನುವಾರ ಗೋಲಿನ ಮುಂದೆ ನಾನೇ ನಿಂತಿರುತ್ತೇನೆ.” ಅವನಿಗೆ ತೋರಿಸಲಿಲ್ಲ. ತೋರಿಸಿದ್ದರೂ ಓದುವ ಸ್ಥಿತಿಯಲ್ಲಿ ಅವನಿರಲಿಲ್ಲ. ಕಳಿಸಿಬಿಟ್ಟೆ.

ಮರುದಿನ ಕ್ಲಬ್ಬಿನ ಡಾಕ್ಟರು ಅವನನ್ನು ಪರೀಕ್ಷೆ ಮಾಡಿದರು. ತಲೆಗೆ ಪೆಟ್ಟಾಗಿ ನೆನಪು ತಪ್ಪಿದ್ದರೆ ಹದಿನೈದು ದಿನ ಆಡಿಸುವ ಹಾಗಿಲ್ಲ, ಅದು ನಿಯಮ. ಫಲಿತಾಂಶ ಗೊತ್ತಾದ ತಕ್ಷಣ ಪ್ರಕಟಿಸಬೇಕಲ್ಲ, ಅದಕ್ಕೆ ನಾನು ಬಾಗಿಲ ಹತ್ತಿರ ನಿಂತಿದ್ದೆ.

‘ಪೆಟ್ಟು ಬಿದ್ದಮೇಲೆ ಏನೇನಾಯ್ತು, ಹೇಳು’ ಅಂದರು ಡಾಕ್ಟರು.

‘ಗೆದ್ವಿ ಸರ್. ಆಮೇಲೆ ಪೇಪರ್‌ನೋರ ಹತ್ರ ಮಾತಾಡ್ದೆ. ಪೆಟ್ಟು ಬಿದ್ದಿದ್ದು ನಿಜ, ಈಗ ಆರಾಮಾಗಿದ್ದೀನಿ, ಭಾನುವಾರ ನಾನೇ ನಿಂತಿರ್ತೀನಿ ಅಂದೆ.’ ನನ್ನ ಕಡೆ ತಿರುಗಿ, ‘ಅಲ್ವಾ ಅಕ್ಕಾ?’ ಅಂದ.

ಬೆಳಿಗ್ಗೆ ಅವನ ತಾಯಿ ಪೇಪರ್ ಓದಿ ಹೇಳಿರಬೇಕು. ತಾನು ಆಡದ ಮಾತನ್ನು ಅವನು ತನ್ನದೇ ನೆನಪು ಅಂದುಕೊಂಡಿದ್ದ. ಅಲ್ಲ ಅನ್ನಲು ನನಗೆ ಒಂದು ಉಸಿರು ಸಾಕಿತ್ತು. ಅಂದಿದ್ದರೆ ಅವನು ಫೈನಲ್ ಆಡುತ್ತಿರಲಿಲ್ಲ, ನಾನು ಹೇಳಿಕೆ ಹುಟ್ಟಿಸಿದವಳು ಅಂತ ಊರಿಗೆಲ್ಲ ಗೊತ್ತಾಗುತ್ತಿತ್ತು, ಕುರ್ಚಿ ಕನಸಾಗುತ್ತಿತ್ತು.

‘ಹೌದು’ ಅಂದೆ. ಡಾಕ್ಟರು ಸಹಿ ಹಾಕಿದರು.

ಭಾನುವಾರ ಮೊದಲರ್ಧದಲ್ಲೇ ಚೆಂಡಿಗೆ ಹಾರಿದವನು ಕಂಬಕ್ಕೆ ತಲೆ ತಾಗಿಸಿಕೊಂಡ. ಅಂಥ ದೊಡ್ಡ ಪೆಟ್ಟೇನೂ ಅಲ್ಲ, ಆದರೆ ಮೇಲೆ ಏಳಲಿಲ್ಲ. ಐದು ವಾರ ಆಸ್ಪತ್ರೆಯಲ್ಲಿದ್ದ. ಬದುಕಿ ಬಂದ, ಬಲಗೈ ಬರಲಿಲ್ಲ. ನನಗೆ ಕುರ್ಚಿ ಬಂತು.

ಫುಟ್‌ಬಾಲ್ ಸಂಘದವರು ವಿಚಾರಣೆ ಇಟ್ಟರು. ಪೆಟ್ಟು ಬಿದ್ದವನನ್ನು ಆಡಿಸಿದ್ದು ಯಾರ ತಪ್ಪು ಅಂತ. ಪೇಪರಿನ ಆ ಹೇಳಿಕೆ ಅವನಿಗೆ ನೆನಪಿದೆ ಅಂತಲೇ ಡಾಕ್ಟರು ಸಹಿ ಹಾಕಿದ್ದು; ಅದನ್ನು ಆಟಗಾರನೇ ಆಡಿದ್ದರೆ ಕ್ಲಬ್ಬಿನ ತಪ್ಪಿಲ್ಲ, ನಾವು ಹುಟ್ಟಿಸಿದ್ದಾದರೆ ನಮ್ಮದೇ. ಹಿಂದಿನ ದಿನ ಎಲ್ಲವನ್ನೂ ಅಪ್ಪನ ಮುಂದೆ ಹೇಳಿಕೊಂಡೆ. ಅವರು ಕನ್ನಡಕ ತೆಗೆದಿಟ್ಟರು. ‘ತಪ್ಪು ಅಚ್ಚಾದ್ರೆ ಮಾರನೇ ದಿನ ತಿದ್ದುಪಡಿ ಹಾಕ್ತಿದ್ವಿ ಮಗಳೇ. ಹೋಗಿ ಹಾಕು’ ಅಂದರು. ನಿಜ ಹೇಳಿಯೇ ಬಿಡುವುದು ಅಂತ ಹೊರಟೆ.

ಉದ್ದನೆ ಮೇಜಿನ ಆ ಕಡೆ ಅಧ್ಯಕ್ಷರು, ಈ ಕಡೆ ನಾನು. ಮೇಜಿನ ಕೊನೆಯಲ್ಲಿ ಗೋಡೆ, ಅವನ ಪಕ್ಕ ಅವನ ತಾಯಿ ಕೂತಿದ್ದರು, ಮಗನ ಬಾಯಿ ಒರೆಸಲು ಕೈಯಲ್ಲೊಂದು ಟವೆಲ್ ಇತ್ತು. ಅಧ್ಯಕ್ಷರು ಪೇಪರಿನ ತುಣುಕು ಎತ್ತಿ, ‘ಈ ಮಾತು ಇವರೇ ಹೇಳಿದ್ದಾ?’ ಅಂತ ನನ್ನನ್ನು ಕೇಳಿದರು.

ನಾನು ಬಾಯಿ ತೆರೆಯುವ ಮೊದಲೇ ಗೋಡೆ ಎಡಗೈ ಎತ್ತಿದ. ಒಂದೊಂದೇ ಮಾತು ಎಳೆದು, ‘ನಾನೇ... ಹೇಳಿದ್ದು ಸರ್. ಅಕ್ಕ ಎದುರಿಗೇ ನಿಂತು... ಬರ್ಕೋತಿದ್ರು. ಅಕ್ಕ ನಗ್ತಿದ್ರು’ ಅಂದ.

‘ಅದೊಂದು ಚೆನ್ನಾಗಿ ನೆನಪಿದೆ ಸ್ವಾಮಿ’ ಅಂದರು ತಾಯಿ. ‘ಅವರಪ್ಪನ ಮುಖ ಮರ್ತಿದ್ದಾನೆ. ಮನೆ ಯಾವ ಬೀದೀಲಿದೆ ಅಂದ್ರೆ ಗೊತ್ತಿಲ್ಲ. ಇದೊಂದನ್ನ ಮಾತ್ರ ದಿನಾ ಹೇಳ್ತಾನೆ, ಒಂದಕ್ಷರ ತಪ್ಪಲ್ಲ. ಇಷ್ಟು ಉಳಿದಿದ್ರೆ ಮಿಕ್ಕಿದ್ದೂ ಬರುತ್ತೆ ಅಂತ ಕಾಯ್ತಿದ್ದೀನಿ.’

ಅವನು ನನ್ನನ್ನೇ ನೋಡುತ್ತಿದ್ದ. ಅವನ ತಲೆಯಲ್ಲಿ ಉಳಿದಿದ್ದ ಒಂದೇ ಒಂದು ನೆನಪು ನಾನು ಬರೆದದ್ದು. ಅದನ್ನು ಕಿತ್ತುಕೊಳ್ಳಲು ಮನಸ್ಸು ಬರಲಿಲ್ಲ ಅಂತ ಹೇಳಿದರೆ ನೀವು ನಂಬಬೇಡಿ. ಕುರ್ಚಿಯೂ ಕಣ್ಣ ಮುಂದೆ ಬಂದಿತ್ತು. ಯಾವುದು ಮೊದಲು ಬಂತೋ ನನಗೇ ಗೊತ್ತಿಲ್ಲ.

‘ಹೌದು ಸರ್, ಹೇಳಿದ್ದ.’

ಅಧ್ಯಕ್ಷರು ಬರೆದುಕೊಂಡರು. ಹಾಗಾದರೆ ಇದರಲ್ಲಿ ಕ್ಲಬ್ಬಿನ ತಪ್ಪೇನೂ ಕಾಣುವುದಿಲ್ಲ ಅಂದರು. ಸೆಕ್ರೆಟರಿ ಉಸಿರು ಬಿಟ್ಟರು. ಹೊರಗಿನ ಪಡಸಾಲೆಯಲ್ಲಿ ತಾಯಿ ಮಗನನ್ನು ಬೆಂಚಿನ ಮೇಲೆ ಕೂರಿಸಿ ನನ್ನ ಹತ್ತಿರ ಬಂದು ಎರಡೂ ಕೈ ಹಿಡಿದುಕೊಂಡರು.

‘ಎಲ್ರೂ ಅವನ ಬಗ್ಗೆ ಬಾಯಿಗೆ ಬಂದಂಗೆ ಬರೆದ್ರು ಕಣಮ್ಮಾ. ಅವನು ಹೇಳಿದ್ದನ್ನ ಹೇಳಿದ ಹಾಗೇ ಬರೆದೋಳು ನೀನೊಬ್ಳೇ.’