ಇಲ್ಲ ಅಂದರೆ ಕಾಯಬೇಕು

ವಿಮಲಮ್ಮ ತೋರುಬೆರಳನ್ನು ಪಿಸ್ತೂಲಿನಂತೆ ಮುಂದಕ್ಕೆ ಚಾಚಿಕೊಂಡು, ತುಟಿಯಲ್ಲೇ ಏನೋ ಎಣಿಸುತ್ತ, ಪ್ಲೈವುಡ್ಡಿನ ಬಾಗಿಲುಗಳ ನಡುವೆ ಇನ್ನೊಂದು ಸಲ ಓಡಾಡಿ ಬಂದರು. ದೂರದಿಂದ ನೋಡಿದವರಿಗೆ ಮದುವೆಮನೆಯಲ್ಲಿ ಪಂಕ್ತಿಗೆ ಕೂತವರನ್ನು ಎಣಿಸುವ ಯಜಮಾನಿಯಂತೆ ಕಾಣುತ್ತಿದ್ದರು. ಅವರ ಹಿಂದೆ ಹುಣಸೂರು, ಪಿರಿಯಾಪಟ್ಟಣ, ಕೋಟೆ ಕಡೆಯ ಇನ್ನಷ್ಟು ಹೆಂಗಸರು ಹಾಗೆಯೇ ಬೆರಳು ಚಾಚಿಕೊಂಡು, ಹಾಗೆಯೇ ಗೊಣಗಿಕೊಂಡು ಸುತ್ತುತ್ತಿದ್ದರು. ಪಂದ್ಯಕ್ಕೆ ಮುಂಚೆ ಬರಿಗೈಯಲ್ಲಿ ಕಣವನ್ನು ನಡೆದು ನೋಡಲು ಕೊಡುವ ಹೊತ್ತು ಇದು. ಎಲ್ಲಿ ನಿಲ್ಲಬೇಕು, ಯಾವ ಬಾಗಿಲ ಸಂದಿಯಿಂದ ಯಾವ ಕಬ್ಬಿಣದ ತಟ್ಟೆಗೆ ಹೊಡೆದು ಬೀಳಿಸಬೇಕು, ಅಲ್ಲಿಂದ ಮುಂದಿನ ಬಾಗಿಲಿಗೆ ಹೇಗೆ ಓಡಬೇಕು, ಎಲ್ಲವನ್ನೂ ಈಗಲೇ ತಲೆಯಲ್ಲಿಟ್ಟುಕೊಳ್ಳಬೇಕು. ಗಡಿಯಾರ ಶುರುವಾದ ಮೇಲೆ ಯೋಚಿಸುವವರು ಸೋಲುತ್ತಾರೆ.

"ನೋಡ್ದಾ ಮಗ, ಈ ಬಿಳಿಯಪ್ಪನ್ನ ಎಲ್ಲಿ ತಂದು ನಿಲ್ಲಿಸವ್ರೆ," ಎಂದರು ವಿಮಲಮ್ಮ, ಪಕ್ಕದಲ್ಲಿ ನಡೆಯುತ್ತಿದ್ದ ನಿಂಗಿಗೆ. ಎರಡು ತಟ್ಟೆಗಳ ನಡುವೆ ಬಿಳಿ ಬಣ್ಣ ಬಳಿದ ರಟ್ಟಿನ ಮನುಷ್ಯನೊಬ್ಬ ಕೈ ಮೇಲೆತ್ತಿ ನಿಂತಿದ್ದ. ಅವನು ಅಮಾಯಕ. ಅವನಿಗೆ ಹೊಡೆದರೆ ದಂಡ. "ಓದ್ಸಲ ಇವುಂಗೇ ಮೂರು ಗುಂಡು ಆಕ್ದೆ. ಪಾಪ, ಅವ್ನಿಗೂ ಒಬ್ಳು ಎಂಡ್ತಿ ಇದ್ದಾಳು ಅಂತ ಆಮೇಲೆ ಬೇಜಾರಾಯ್ತು ಕಣ."

ನಿಂಗಿ ನಕ್ಕಳು. ಆದರೆ ಅವಳ ಬೆರಳು ಚಾಚಿರಲಿಲ್ಲ. ಕೈಯನ್ನು ಚೂಡಿದಾರಿನ ಬಟ್ಟೆಗೆ ಉಜ್ಜಿಕೊಳ್ಳುತ್ತಿದ್ದಳು.

ಹಂಪಾಪುರದಿಂದ ಸ್ವಲ್ಪ ಆಚೆಗಿರುವ ಈ ಜಾಗ ವಿಮಲಮ್ಮನ ತಮ್ಮ ಕಾಂತರಾಜುವಿನದು. ಅವನು ಹೊಗೆಸೊಪ್ಪು ಬೆಳೆಯುವುದನ್ನು ಬಿಟ್ಟ ಮೇಲೆ ಸೊಪ್ಪು ಬೇಯಿಸುವ ಬ್ಯಾರನ್ನು ಮನೆ ಪಾರಿವಾಳಗಳಿಗೂ, ಅದರ ಹಿಂದಿನ ಬಯಲು ಮಹಿಳಾ ಶೂಟಿಂಗ್ ಸಂಘಕ್ಕೂ ಸಂದವು. ವಿಮಲಮ್ಮ ಕೆ.ಆರ್. ನಗರದ ಕಡೆ ಗದ್ದೆಯುಳ್ಳ ಮನೆಯ ಸೊಸೆ. ಭಾನುವಾರ ಭಾನುವಾರ ತವರಿಗೆ ಬರಲು ಇದಕ್ಕಿಂತ ಒಳ್ಳೆಯ ನೆಪ ಅವರಿಗೆ ಐವತ್ತೆರಡು ವರ್ಷದಲ್ಲಿ ಸಿಕ್ಕಿರಲಿಲ್ಲ. ಸಂಘದ್ದು ಗ್ಯಾಸಿನ ಪಿಸ್ತೂಲು, ಲೈಸೆನ್ಸು ಬೇಡ, ಗುಂಡು ಕಡಲೆಕಾಳಿಗಿಂತ ಚಿಕ್ಕದು. ಆದರೂ ಅವರ ಯಜಮಾನರು ಊರಿನಲ್ಲಿ ಹೆಂಡತಿಯ ಬಗ್ಗೆ ಮಾತಾಡುವಾಗ ಈಚೆಗೆ ದನಿ ಕೊಂಚ ತಗ್ಗಿಸುತ್ತಾರೆ ಎಂದು ಸುದ್ದಿ.

ಶಾಮಿಯಾನದ ಕೆಳಗೆ ಮೈಕು ಕೆಮ್ಮಿತು. ಸಂಘದ ಅಧ್ಯಕ್ಷ ನಂಜುಂಡಸ್ವಾಮಿಯವರು ಮೈಕಿನಾಚೆ ಒಂದು ಕನ್ನಡ, ಮೈಕಿನಲ್ಲಿ ಇನ್ನೊಂದು ಕನ್ನಡ ಇಟ್ಟುಕೊಂಡವರು. ಅವರು ಪತ್ರಿಕೆಯ ಫೋಟೋದವನನ್ನು ಕರೆದುಕೊಂಡು ನೇರ ನಿಂಗಿಯ ಬಳಿಗೆ ಬಂದರು.

"ಇವಳೇ ಕಣಪ್ಪ ನಮ್ಮ ಕಾಡಿನ ಹುಡುಗಿ. ರಕ್ತದಲ್ಲೇ ಗುರಿ ಅದೆ. ಇವಳದೇ ಹಾಕ್ಬೇಕು ನೀನು." ಆಮೇಲೆ ಅವಳ ಕಡೆ ತಿರುಗಿ, ದನಿ ತಗ್ಗಿಸಿ, ತಗ್ಗಿಸಿದ್ದೇನೆ ಎಂದುಕೊಂಡು, "ಇವತ್ತು ತೋರಿಸ್ಬುಡು ಕಣವ್ವ. ಫೀಸಿಲ್ದೆ ಸೇರ್ಸಿದೀವಿ, ಕಮಿಟೀಲಿ ಕೇಳ್ತಾರೆ. ಇಲ್ಲಾಂದ್ರೆ ಮುಂದಿನ ತಿಂಗಳಿಂದ ಬೇರೆ ಹಾಡಿಯಿಂದ ಯಾರಾರ ನೋಡ್ಬೇಕಾಯ್ತದೆ," ಎಂದರು.

"ಊ ಸಾ," ಎಂದಳು ನಿಂಗಿ.

ನಂಜುಂಡಸ್ವಾಮಿಯವರು ಕೆಟ್ಟವರಲ್ಲ. ಕಾಡಂಚಿನ ಬುಡಕಟ್ಟಿನ ಹಾಡಿಯಲ್ಲಿ ಹುಟ್ಟಿದವರೆಲ್ಲ ತೊಟ್ಟಿಲಲ್ಲೇ ಗುರಿಕಾರರು ಎಂದು ಅವರು ಪ್ರಾಮಾಣಿಕವಾಗಿ ನಂಬಿದ್ದರು. ನಿಂಗಿಯ ತಾತ ಜೇನು ಕಿತ್ತವನೇ ಹೊರತು ಕೋವಿ ಹಿಡಿದವನಲ್ಲ. ಹಾಡಿಯ ಮಟ್ಟಿಗೆ ಕೋವಿ ಎಂದರೆ ಬೇರೆಯವರ ಹೆಗಲ ಮೇಲೆ ಬರುವ ವಸ್ತು, ಅದು ಬಂದಾಗ ಹಾಡಿಯವರು ಮಾಡುತ್ತಿದ್ದ ಕೆಲಸ ಒಂದೇ, ಒಳಗೆ ಹೋಗುವುದು. ಇದನ್ನೆಲ್ಲ ಅಧ್ಯಕ್ಷರಿಗೆ ಯಾರೂ ಹೇಳಿರಲಿಲ್ಲ. ಹೆಣ್ಣುಮಕ್ಕಳಿಗೆ ತರಬೇತಿ ಕೊಡುತ್ತಿದ್ದ ಶಿವರುದ್ರಮ್ಮ ಹೇಳಬಹುದಿತ್ತು. ನಿವೃತ್ತರಾದ ಪೀಟಿ ಮೇಡಂ ಅವರು, ಶಾಲೆಯಲ್ಲಿ ನಿಂಗಿಯನ್ನು ಕಂಡವರು. ಓಟದಲ್ಲಿ ಹಿಂದೆ, ಎಸೆತದಲ್ಲಿ ಹಿಂದೆ, ಆದರೂ ಒಂದು ದಿನವೂ ಆಟದ ಪೀರಿಯಡ್ಡು ತಪ್ಪಿಸದ ಹುಡುಗಿ. ಅಧ್ಯಕ್ಷರು "ಒಬ್ಬ ಹಾಡಿಯ ಹುಡುಗಿ ಬೇಕಲ್ಲ ಮೇಡಂ" ಎಂದಾಗ ಅವರು ತಕ್ಷಣ ಇವಳ ಹೆಸರು ಹೇಳಿದರು. ಇವಳಿಗೆ ಗುರಿ ಬರುತ್ತದೆಯೇ ಎಂದು ಅಧ್ಯಕ್ಷರು ಕೇಳಲಿಲ್ಲ, ಇವರು ಹೇಳಲಿಲ್ಲ.

ಬರುತ್ತಿರಲಿಲ್ಲ. ಮಳೆಗಾಲದಲ್ಲಿ ಸೇರಿದವಳು ಮಾಗಿಯ ಚಳಿ ಬಂದರೂ ತಟ್ಟೆಗಿಂತ ಹಿಂದಿನ ಮಣ್ಣಿನ ದಿಬ್ಬಕ್ಕೇ ಹೆಚ್ಚು ಹೊಡೆಯುತ್ತಿದ್ದಳು. ಆದರೂ ಭಾನುವಾರ ಬೆಳಿಗ್ಗೆ ಮೊದಲ ಬಸ್ಸಿಗೆ ಬಂದುಬಿಡುತ್ತಿದ್ದಳು. ಯಾಕೆ ಹೋಗುತ್ತೀಯ ಎಂದು ಅವಳ ಅವ್ವ ಪುಟ್ಟಿ ಕೇಳಿದಾಗ ನಿಂಗಿಗೆ ಸರಿಯಾದ ಉತ್ತರ ಕೊಡಲು ಆಗಿರಲಿಲ್ಲ.

ಉತ್ತರ ಇದ್ದದ್ದು ಮೊದಲ ದಿನದಲ್ಲಿ. ಅವತ್ತು ಗೆರೆಯ ಮೇಲೆ ನಿಲ್ಲಿಸಿ, ಕಪ್ಪು ಡಬ್ಬಿಯಂಥ ಟೈಮರನ್ನು ಕೈಯಲ್ಲಿ ಹಿಡಿದು, ಶಿವರುದ್ರಮ್ಮ "ರೆಡಿನಾ?" ಎಂದು ಕೇಳಿದ್ದರು. ಕೇಳಿ ಸುಮ್ಮನೆ ನಿಂತಿದ್ದರು. ನಿಂಗಿ ಹಿಂದೆ ತಿರುಗಿ ನೋಡಿದಳು, ಬೇರೆ ಯಾರನ್ನೋ ಕೇಳುತ್ತಿರಬೇಕು ಎಂದು.

"ನಿನ್ನೇ ಕಣೇ ಕೇಳ್ತಿರೋದು. ಇದು ಇಲ್ಲಿ ರೂಲು," ಎಂದಿದ್ದರು ಅವರು. "ನಾನು ಕೇಳ್ಬೇಕು. ನೀನು ಸುಮ್ನಿದ್ರೆ ರೆಡಿ ಅಂತ ಅರ್ಥ. ಇಲ್ಲ ಅಂದ್ರೆ ನಾನು ಕಾಯ್ಬೇಕು. ನಾನಷ್ಟೇ ಅಲ್ಲ, ಇಲ್ಲಿ ನಿಂತಿರೋರೆಲ್ಲ ಕಾಯ್ಬೇಕು. ಡೆಪ್ಟಿ ಕಮಿಷನರ್ರು ಬಂದಿದ್ರೂ ಕಾಯ್ಬೇಕು."

ವಾರದ ಮಿಕ್ಕ ದಿನವೆಲ್ಲ ನಿಂಗಿ ಕೊಡಗಿನ ಕಾಫಿ ತೋಟಕ್ಕೆ ಕೂಲಿಗೆ ಹೋಗುತ್ತಿದ್ದಳು. ನಸುಕಿನಲ್ಲಿ ಮೇಸ್ತ್ರಿಯ ಜೀಪು ಹಾಡಿಯ ಬಾಯಿಗೆ ಬಂದು ಹಾರ್ನು ಹೊಡೆಯುತ್ತಿತ್ತು. ಒಂದು ಕಾಲು ಒಳಗಿದ್ದರೆ ಸಾಕು, ಇನ್ನೊಂದು ಹೊರಗಿದ್ದಂತೆಯೇ ಹೊರಡುತ್ತಿತ್ತು. ರೇಷನ್ ಅಂಗಡಿಯವನು ಹೆಬ್ಬೆಟ್ಟನ್ನು ತಾನೇ ಹಿಡಿದು ಮಿಷನ್ನಿಗೆ ಒತ್ತಿಸುತ್ತಿದ್ದ. ಆಸ್ಪತ್ರೆಯಲ್ಲಿ "ನೋಯಲ್ಲ ಸುಮ್ನಿರು" ಎನ್ನುವ ಮಾತು ಸೂಜಿ ಒಳಗೆ ಹೋದ ಮೇಲೆ ಬರುತ್ತಿತ್ತು. ಹೋದ ವರ್ಷ ಗಂಡು ನೋಡಲು ಬಂದವರೂ ಅವಳನ್ನು ಬಿಟ್ಟು ಮಿಕ್ಕವರನ್ನೆಲ್ಲ ಕೇಳಿ ಹೋಗಿದ್ದರು. ನೀನು ತಯಾರಿದ್ದೀಯಾ ಎಂದು ಕೇಳಿ, ಕೇಳಿದವರು ಉತ್ತರಕ್ಕೆ ನಿಲ್ಲುವ ಜಾಗ ಲೋಕದಲ್ಲಿ ಇದೊಂದೇ ಇದೆ ಎಂದು ಅವಳಿಗೆ ಆವತ್ತು ಅನ್ನಿಸಿತ್ತು. ಬೆಟ್ಟದಷ್ಟು ಉಪಕಾರ ಮಾಡಿದವರನ್ನು ನೋಡುವ ಹಾಗೆ ಅವಳು ಶಿವರುದ್ರಮ್ಮನನ್ನು ನೋಡಿದ್ದಳು. ಅವರಿಗೆ ಗೊತ್ತಾಗಲಿಲ್ಲ. ಅವರು ಟೈಮರಿನ ಬ್ಯಾಟರಿ ನೋಡುತ್ತಿದ್ದರು.

ಆದರೆ ಇಷ್ಟು ದಿನದಲ್ಲಿ ಒಮ್ಮೆಯೂ ಅವಳು "ಇಲ್ಲ" ಎಂದಿರಲಿಲ್ಲ. ಕೇಳುತ್ತಾರಲ್ಲ, ಅದೇ ಹೆಚ್ಚು. ಅದರ ಮೇಲೆ ಕಾಯಿಸುವುದೂ ಬೇರೆಯೇ?

ಪಂದ್ಯ ಶುರುವಾಯಿತು. ಹುಣಸೂರಿನಿಂದ ಬಂದಿದ್ದ ಶೋಭಾ, ಬ್ಯೂಟಿ ಪಾರ್ಲರ್ ಇಟ್ಟವಳು, ಎಲ್ಲ ತಟ್ಟೆಗಳನ್ನೂ ಒಂದರ ಹಿಂದೊಂದು ಟಣ್ ಟಣ್ ಎಂದು ಮಲಗಿಸಿ, ಕೂದಲು ಕೂಡ ಕೆದರದೆ ವಾಪಸು ಬಂದಳು. ಫೋಟೋದವನು ಅವಳದೂ ಒಂದು ತೆಗೆದುಕೊಂಡ. ವಿಮಲಮ್ಮ ಎಲ್ಲರಿಗಿಂತ ಜೋರಾಗಿ ಓಡಿದರು, ಎಲ್ಲರಿಗಿಂತ ಬೇಗ ಹೊಡೆದರು, ಮತ್ತು ಬಿಳಿಯಪ್ಪನ ಎದೆಯಲ್ಲಿ ನಾಲ್ಕು ತೂತು ಮಾಡಿದರು. ಮುಗಿಸಿ ಬರುವಾಗ ಅವನ ಮುಂದೆ ನಿಂತು, "ತೆಪ್ಪಾಯ್ತು ಕಣಪ್ಪ," ಎಂದು ಕೈ ಮುಗಿದರು. ಜನ ನಕ್ಕಿತು.

ನಿಂಗಿಯ ಸರದಿ ಬಂತು. ಗುಂಡಿನಿಂದ ಕಣ್ಣು ಕಾಯುವ ಸಂಘದ ಕನ್ನಡಕ ಹಾಕಿಕೊಂಡು ಗೆರೆಯ ಮೇಲೆ ನಿಂತಳು. ನಂಜುಂಡಸ್ವಾಮಿಯವರು ಮೈಕಿಗೆ ಹತ್ತಿರವಾದರು.

"ಮಾನ್ಯರೇ, ಇದೀಗ ವನದೇವತೆಯ ಮಡಿಲಿನಿಂದ ಎದ್ದುಬಂದ ಕುವರಿ. ಇವಳ ಪೂರ್ವಜರು ಹುಲಿಯ ಕಣ್ಣಿನಲ್ಲಿ ಕಣ್ಣಿಟ್ಟವರು. ಇವಳ ಗುರಿ..."

ಫೋಟೋದವನು ಹಗ್ಗದ ಬೇಲಿಯ ಹತ್ತಿರ ಮಂಡಿಯೂರಿದ. ಶಿವರುದ್ರಮ್ಮ ಅವಳ ಬೆನ್ನ ಹಿಂದೆ ಬಂದು ನಿಂತರು. "ರೆಡಿನಾ?"

ತಟ್ಟೆಗಳು ಅವಳ ಕಣ್ಣಿಗೆ ಅಲ್ಲಾಡುವಂತಿದ್ದವು. ಹುಲಿ, ಪೂರ್ವಜರು, ವನದೇವತೆ, ಎಲ್ಲರೂ ಅವಳ ಹೆಗಲ ಮೇಲೆ ಕೂತಿದ್ದರು. ಸುಮ್ಮನಿದ್ದರೆ ರೆಡಿ ಅಂತ ಅರ್ಥ. ಅವಳು ಸುಮ್ಮನಿರುವುದರಲ್ಲಿ ಪಳಗಿದವಳು.

"ಇಲ್ಲ ಮಿಸ್," ಎಂದಳು.

ಅವಳ ಕಿವಿಗೇ ಅದು ಜೋರಾಗಿ ಕೇಳಿತು. ಶಿವರುದ್ರಮ್ಮ ಒಂದು ಕ್ಷಣವೂ ತಡೆಯದೆ ಕೈ ಮೇಲೆತ್ತಿದರು. "ಶೂಟರ್ ರೆಡಿ ಇಲ್ಲ. ಎಲ್ಲರೂ ಕಾಯಬೇಕು. ಸಾರ್, ಮೈಕು."

ಮೈಕು ಹುಲಿಯ ಹತ್ತಿರವೇ ನಿಂತುಹೋಯಿತು. ಶಾಮಿಯಾನದಲ್ಲಿ ಮೈಸೂರಿನಿಂದ ಬಂದ ಅತಿಥಿಗಳು ಕಾಫಿಯ ಲೋಟವನ್ನು ತುಟಿಯ ಹತ್ತಿರ ಹಾಗೆಯೇ ಹಿಡಿದುಕೊಂಡರು. ಬೆಂಚಿನ ಮೇಲೆ ಕೂತ ಹೆಂಗಸರು ಕಾದರು. ಕೋಟೆ ರಸ್ತೆಯಲ್ಲಿ ಹೋಗುತ್ತಿದ್ದ ಒಂದು ಬಸ್ಸು ಮಾತ್ರ ಕಾಯಲಿಲ್ಲ, ಅದಕ್ಕೆ ರೂಲು ಗೊತ್ತಿರಲಿಲ್ಲ. ಬ್ಯಾರನ್ನಿನ ಒಳಗೆ ಪಾರಿವಾಳ ಗುಟುರು ಹಾಕುವುದು ಕೇಳಿಸಿತು. ನಿಂಗಿ ಅಂಗೈಯನ್ನು ಬಟ್ಟೆಗೆ ಒರೆಸಿಕೊಂಡಳು. ಒಂದು ಸಲ ಉಸಿರು ಎಳೆದುಕೊಂಡಳು. ಇನ್ನೊಂದು ಸಲ ಎಳೆದುಕೊಂಡಳು, ಎರಡನೆಯದು ಬೇಕಾಗಿರಲಿಲ್ಲ, ಇಷ್ಟವಾಯಿತೆಂದು ಎಳೆದುಕೊಂಡದ್ದು. ಹುಲಿ ಎದ್ದುಹೋಯಿತು. ಪೂರ್ವಜರೂ ಎದ್ದುಹೋದರು. ತಟ್ಟೆಗಳು ತಟ್ಟೆಗಳಾಗಿ ನಿಂತವು.

ಅವಳು ತಲೆಯಾಡಿಸಿದಳು. ಟೈಮರು ಪೀಂ ಎಂದಿತು.

ಇಲ್ಲಿ ಅವಳು ಒಂದೂ ತಪ್ಪದೆ ಹೊಡೆದಳು ಎಂದು ಬರೆಯಲು ಮನಸ್ಸಾಗುತ್ತದೆ. ಹೊಡೆಯಲಿಲ್ಲ. ಮೊದಲ ತಟ್ಟೆ ಎರಡು ಗುಂಡಿಗೆ ಬಿತ್ತು, ಎರಡನೆಯದು ಮೂರಕ್ಕೆ. ಬಾಗಿಲಿಂದ ಬಾಗಿಲಿಗೆ ಅವಳು ಓಡಲಿಲ್ಲ, ಹಾಡಿಯಿಂದ ನೀರಿಗೆ ಹೋಗುವವಳಂತೆ ನಡೆದಳು. ಕೊನೆಯ ತಟ್ಟೆಯ ಪಕ್ಕದಲ್ಲೇ ಬಿಳಿಯಪ್ಪ ಇದ್ದ. ಅವನನ್ನು ತಪ್ಪಿಸಲು ದೂರ ದೂರ ಹೊಡೆದು ಪಿಸ್ತೂಲು ಬರಿದು ಮಾಡಿಕೊಂಡು, ಮತ್ತೆ ತುಂಬಿಕೊಂಡು, ಕೊನೆಗೂ ಅದನ್ನು ಬೀಳಿಸಿದಳು. ಫೋಟೋದವನು ಅಷ್ಟರಲ್ಲಿ ಮಂಡಿಯ ಮಣ್ಣು ಕೊಡವಿಕೊಂಡು ಎದ್ದಿದ್ದ. ಪಟ್ಟಿಯಲ್ಲಿ ನಿಂಗಿ ಕೊನೆಯಿಂದ ಎರಡನೆಯವಳಾದಳು. ಅವಳ ಹಿಂದೆ ದಂಡ ಕಟ್ಟಿದ ವಿಮಲಮ್ಮ ಒಬ್ಬರೇ.

ಬಹುಮಾನ ಹಂಚಿ ಅತಿಥಿಗಳನ್ನು ಕಾರು ಹತ್ತಿಸಿ ಬಂದ ಅಧ್ಯಕ್ಷರು ಶಿವರುದ್ರಮ್ಮನ ಹತ್ತಿರ ನಿಂತರು. ನಿಂಗಿ ಬಿದ್ದ ತಟ್ಟೆಗಳನ್ನು ಎತ್ತಿ ಪೇರಿಸುತ್ತಿದ್ದಳು. ಎಲ್ಲ ಕೇಳಿಸುವಷ್ಟೇ ದೂರ.

"ಇವಳಿಗೆ ಬರಕಿಲ್ಲ ಕಣ್ರೀ ಮೇಡಂ."

"ಬರಲ್ಲ ಸಾರ್," ಎಂದರು ಶಿವರುದ್ರಮ್ಮ. ಬೆಳಗಿಂದ ಕೂಗಿ ಅವರ ಗಂಟಲು ಕಟ್ಟಿತ್ತು.

"ಮತ್ತೆ? ಬರ್ದೇ ಇರೋರ್ನ ಇಟ್ಕೊಂಡು ಏನ್ಮಾಡದು?"

ವಿಮಲಮ್ಮ ಬೆಂಚಿನ ಮೇಲೆ ಕೂತು ಚಿತ್ರಾನ್ನ ತಿನ್ನುತ್ತಿದ್ದರು. ಎಲೆ ಕೆಳಗಿಡಲಿಲ್ಲ. "ಅಂಗಾರೆ ನನ್ನ ಯಾವತ್ತು ತೆಗೀತೀರಾ ಸಾ? ನಾನು ಆ ಕೂಸಿಗಿಂತ ಹಿಂದೆ ಬಂದಿವ್ನಿ."

"ಅಯ್, ನಿಮ್ಮ ಮಾತು ಬೇರೆ ಬುಡಿ ಅಮ್ಮಾವ್ರೆ."

"ಅದೇನ್ ಬೇರೆ? ಅವಳು ಯಾರ್ನೂ ಸಾಯಿಸ್ನಿಲ್ಲ. ನಾನು ಆ ಬಿಳಿಯಪ್ಪನ್ನ ನಾಕು ದಪ ಸಾಯ್ಸಿವ್ನಿ. ಗುರಿ ಇಲ್ದೋರು ಓಗ್ಬೇಕು ಅಂದ್ರೆ ಮೊದ್ಲು ನಾನು ಓಯ್ತೀನಿ. ಓಗುವಾಗ ನಮ್ ತಮ್ಮಂಗೂ ಒಂದ್ ಮಾತು ಯೋಳಿ ಓಯ್ತೀನಿ, ಬಯಲು ಕಾಲಿ ಆಯ್ತು ಕಣ್ಲಾ ಅಂತ."

ಅಧ್ಯಕ್ಷರು ಬ್ಯಾರನ್ನನ್ನು ನೋಡಿದರು. ಬಯಲನ್ನು ನೋಡಿದರು. ವಿಮಲಮ್ಮ ಚಿತ್ರಾನ್ನದಲ್ಲಿ ಕಡಲೆಬೀಜ ಹುಡುಕುತ್ತಿದ್ದರು.

"ನಾನೇನು ತೆಗೀತೀನಿ ಅಂದ್ನಾ? ಬರಲಿ ಬುಡಿ. ಕಲಿಯೋವರ್ಗೂ ಬರಲಿ," ಎಂದರು ಕೊನೆಗೆ. ಸೋತ ಮಾತಿನ ಮೇಲೆ ಗೆದ್ದ ಕೆಲಸವೊಂದನ್ನು ಹೊದೆಸುವ ರೂಢಿ ಅವರಿಗಿತ್ತು. ಫೋಟೋದವನನ್ನು ಕೂಗಿದರು. "ಬಾರಪ್ಪ ಇಲ್ಲಿ. ಅಧ್ಯಕ್ಷರೂ ಗುರಿ ಇಟ್ಟರು ಅಂತ ಒಂದು ತಕ್ಕೋ."

ಶಾಲು ತೆಗೆದು ಕುರ್ಚಿಯ ಮೇಲಿಟ್ಟರು. ತಮ್ಮ ಕನ್ನಡಕದ ಮೇಲೆ ಸಂಘದ ಕನ್ನಡಕ ಏರಿಸಿಕೊಂಡರು. ಸಂಘ ಶುರುವಾದಂದಿನಿಂದ ಅವರು ಆಯುಧಪೂಜೆಯಲ್ಲಿ ಅರಿಶಿನ ಕುಂಕುಮ ಹಚ್ಚಿದ್ದು ಬಿಟ್ಟರೆ ಪಿಸ್ತೂಲು ಮುಟ್ಟಿರಲಿಲ್ಲ. ಶಿವರುದ್ರಮ್ಮ ಅದನ್ನು ತುಂಬಿ, ಬೆರಳು ಎಲ್ಲಿರಬೇಕು ಎಂದು ತೋರಿಸಿ, ಕೈಗೆ ಕೊಟ್ಟು, ಪಕ್ಕಕ್ಕೆ ನಿಂತರು. ಆಮೇಲೆ ತಮ್ಮ ಗಂಟಲು ತೋರಿಸಿಕೊಂಡು ಕಪ್ಪು ಡಬ್ಬಿಯನ್ನು ನಿಂಗಿಯ ಕಡೆ ಚಾಚಿದರು.

"ನೀನು ಕೇಳೇ."

ನಿಂಗಿ ಕೈಯ ತುಕ್ಕನ್ನು ಒರೆಸಿಕೊಂಡು ಅದನ್ನು ತೆಗೆದುಕೊಂಡಳು. ಅಧ್ಯಕ್ಷರ ಬೆನ್ನ ಹಿಂದೆ, ಮಿಸ್ಸು ನಿಲ್ಲುವಲ್ಲಿ ನಿಂತಳು.

"ಸಾ, ರೆಡಿನಾ?"

ಅವರು ಮಾತಾಡಲಿಲ್ಲ. ಫೋಟೋದವನು ಕ್ಯಾಮೆರಾ ಎತ್ತಿದ. ಬೆಂಚಿನಿಂದ ವಿಮಲಮ್ಮ, "ಒತ್ತು ಮಗ. ಸುಮ್ಕಿದ್ರೆ ರೆಡಿ ಅಂತ್ಲೇಯ ರೂಲು," ಎಂದರು.

ನಿಂಗಿ ಅವರ ಕೈಗಳನ್ನು ನೋಡಿದಳು. ಪಿಸ್ತೂಲಿನ ಮೂತಿ ಸಣ್ಣಗೆ ನಡುಗುತ್ತಿತ್ತು. ಮೇಲಿನ ಕನ್ನಡಕ ಮೂಗಿನ ತುದಿಗೆ ಇಳಿದಿತ್ತು, ಏರಿಸಿಕೊಳ್ಳಲು ಖಾಲಿ ಕೈ ಇರಲಿಲ್ಲ. ಕುತ್ತಿಗೆಯ ಹಿಂದೆ ಬೆವರು ಅಂಗಿಯ ಕಾಲರಿಗೆ ಇಳಿಯುತ್ತಿತ್ತು.

"ಇರ್ಲಿ ಸಾ," ಎಂದಳು. "ನಿಧಾನಕ್ಕೆ. ಕಾಯ್ತೀವಿ."

ಬಯಲಿನಲ್ಲಿ ಎಲ್ಲರೂ ಕಾದರು. ಬ್ಯಾರನ್ನಿನ ಸೂರಿನಿಂದ ಒಂದು ಪಾರಿವಾಳ ಇಳಿದು ಬಂದು ಬಿಳಿಯಪ್ಪನ ಎತ್ತಿದ ಕೈಯ ಮೇಲೆ ಕೂತು, ಅತ್ತಿತ್ತ ನೋಡಿ, ಹಾರಿಹೋಯಿತು. ನಿಂಗಿಯ ಹೆಬ್ಬೆರಳು ಇನ್ನೂ ಟೈಮರಿನ ಗುಂಡಿಯ ಪಕ್ಕದಲ್ಲೇ ಇತ್ತು.